ಎಡಗಡೆಯ ಕುರ್ಚಿ

ಆಸ್ಪತ್ರೆಯಿಂದ ಬಂದು, ಮನೆಯಲ್ಲಿ ಮೈ ಸುಧಾರಿಸಿಕೊಂಡು, ಮತ್ತೆ ತನ್ನ ಕ್ಷೌರದಂಗಡಿಯ ಹೊಸ್ತಿಲು ತುಳಿದ ದಿನವೇ ತಕ್ಕಡಿಯಣ್ಣ ಭಾವಮೈದನ ಮೇಲೆ ಕಳ್ಳತನದ ಆರೋಪ ಹೊರಿಸಿದ. ಕಳುವಾದದ್ದು ಜೇಬಿಗೆ ಇಳಿಯುವಂಥ ಸಾಮಾನಲ್ಲ. ಇಬ್ಬರು ಸೇರಿ ಎತ್ತಿದರೂ ಅಲುಗದ, ನೆಲಕ್ಕೆ ಬೋಲ್ಟು ಹಾಕಿ ಬಿಗಿದ, ಕಬ್ಬಿಣದ ಪಾದದ ಮೇಲೆ ಗಿರ್ರನೆ ತಿರುಗುವ ಕ್ಷೌರದ ಕುರ್ಚಿ.

"ನನ್ನ ಕುರ್ಚಿ ಎಲ್ಲಿ ಹಾಕಿದ್ಯೋ?"

ಭಾವಮೈದ ಕತ್ತರಿ ಹಿಡಿದ ಕೈಯನ್ನು ಹಾಗೆಯೇ ನಿಲ್ಲಿಸಿ ಕುರ್ಚಿಯತ್ತ ನೋಡಿದ. ಕುರ್ಚಿ ಇತ್ತು. ಎದುರಿನ ಕನ್ನಡಿಯಲ್ಲೂ ಇತ್ತು. ತನ್ನ ಸರದಿಗಾಗಿ ಕಾದಿದ್ದ ಟೀ ಅಂಗಡಿಯವನು ಬೆಂಚಿಗಿಂತ ಇದೇ ಮೆತ್ತಗಿದೆಯೆಂದು ಅದರಲ್ಲಿ ಕಾಲು ಚಾಚಿ ಕೂತಿದ್ದ.

"ಇಲ್ಲೇ ಇದೆಯಲ್ಲ ಭಾವ."

"ಇಲ್ಲೇ ಅಂದ್ರೆ ಎಲ್ಲಿ? ನನಗೇನು ಕಣ್ಣಿಲ್ವಾ? ಅಂಗಡಿಯಲ್ಲಿ ಇರೋದು ಒಂದೇ ಕುರ್ಚಿ, ನಿಂದು. ನಾನು ನಾಲ್ಕು ದಿನ ಮಲಗಿದ್ದೆ ಅಂತ ನನ್ನದನ್ನ ಮಾರ್ಕೊಂಡ್ಯಾ?"

"ಹಾಗಾದ್ರೆ ನಾನು ಯಾವುದರ ಮೇಲೆ ಕೂತಿದ್ದೀನಿ?" ಟೀ ಅಂಗಡಿಯವನು ಸಣ್ಣ ಧ್ವನಿಯಲ್ಲಿ ವಿಚಾರಿಸಿದ.

ಆ ಧ್ವನಿ ಎಲ್ಲಿಂದ ಬಂತೆಂದು ತಕ್ಕಡಿಯಣ್ಣ ಬಲಗಡೆಗೆ ಹುಡುಕಿದ. ಗೋಡೆಗೆ ತೂಗುಹಾಕಿದ ಟವೆಲ್ಲುಗಳ ಹಿಂದೆಯೂ ಇಣುಕಿದ. ಯಾರೂ ಕಾಣದಿದ್ದಾಗ, ಕಳ್ಳತನದ ಜೊತೆಗೆ ತಮಾಷೆ ಬೇರೆ ಎಂದುಕೊಂಡು ಮುಖ ಗಂಟಿಕ್ಕಿ, ಬಲಮೂಲೆಯ ತೊಟ್ಟಿಯಲ್ಲಿ ಕೈ ತೊಳೆಯಲು ಹೋದ. ತೊಳೆದು ಬೀದಿಯ ಕಡೆಗೆ ತಿರುಗಿದವನೇ ಸ್ತಬ್ಧನಾದ. ಕುರ್ಚಿ ಇತ್ತು. ಟೀ ಅಂಗಡಿಯವನೂ ಇದ್ದ.

"ಹೂಂ! ಗದರಿದ ಮೇಲೆ ವಾಪಸ್ ಬಂತಲ್ಲ!"

ಅಂದಿನಿಂದ ತಕ್ಕಡಿಯಣ್ಣನ ತಲೆಯಲ್ಲಿ ಒಂದು ಸಿದ್ಧಾಂತ ಬೇರೂರಿತು. ಅವನು ಅಂಗಡಿಯ ಒಳಗೆ ಬರುವಾಗ ಕುರ್ಚಿ ಇರುವುದಿಲ್ಲ. ಅಂಗಡಿಯಿಂದ ಹೊರಡುವಾಗ ಇರುತ್ತದೆ. ಆದ್ದರಿಂದ ಭಾವಮೈದ ಅದನ್ನು ರಾತ್ರಿ ಬೇರೆ ಅಂಗಡಿಗೆ ಬಾಡಿಗೆಗೆ ಕೊಟ್ಟು ಹಗಲು ತಂದಿಡುತ್ತಿದ್ದಾನೆ. ಬೋಲ್ಟುಗಳ ವಿಷಯ ಎತ್ತಿದರೆ ಅದಕ್ಕೂ ಉತ್ತರವಿತ್ತು: "ಅವನಿಗೆ ಸ್ಪ್ಯಾನರ್ ಹಿಡಿಯೋದು ಯಾಕಾದ್ರೂ ಕಲಿಸ್ದೆ ಅಂತ ನನಗೇ ಈಗ ಪಶ್ಚಾತ್ತಾಪ."

ಇಂಥ ಮಾತು ಅವನ ಬಾಯಲ್ಲಿ ಬಂದದ್ದೇ ಬೀದಿಗೆ ಹೊಸದು, ಏಕೆಂದರೆ ತಕ್ಕಡಿ ಎಂಬ ಅಡ್ಡಹೆಸರು ಬಂದದ್ದೇ ಅವನ ಸಮತೂಕದಿಂದ. ಬೇರೆ ಕ್ಷೌರಿಕರು ಎರಡು ಕಿವಿಗಳ ಮುಂದಿನ ಕೂದಲು ಸಮವಾಗಿದೆಯೇ ಎಂದು ಎರಡೂ ಕಡೆ ಹೆಬ್ಬೆರಳಿಟ್ಟು ಕನ್ನಡಿಯಲ್ಲಿ ಅಳೆಯುತ್ತಾರೆ. ಇವನು ಎಂದೂ ಬೆರಳಿಟ್ಟವನಲ್ಲ. ಗಿರಾಕಿಯ ಹಿಂದೆ ನಿಂತು ಒಮ್ಮೆ ಕಣ್ಣು ಕಿರಿದು ಮಾಡಿದರೆ ಸಾಕು, ಎರಡು ಪಕ್ಕವೂ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗುತ್ತಿರಲಿಲ್ಲ. ಕಿವಿಗಳೇ ಒಂದು ಮೇಲೆ ಒಂದು ಕೆಳಗೆ ಇದ್ದವರು ಕೂಡ ಅವನ ಕೈಯಿಂದ ಎದ್ದಾಗ ಸರಿಯಾದ ಮನುಷ್ಯರಂತೆ ಕಾಣುತ್ತಿದ್ದರು. ಭಾವಮೈದ ಹೆಬ್ಬೆರಳಿಟ್ಟು ಅಳೆಯುವುದನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. "ಅಳತೆ ಬೇಕಾದೋನು ಬಡಗಿ ಆಗ್ಬೇಕಿತ್ತು ಕಣೋ" ಎನ್ನುತ್ತಿದ್ದ.

ಅಂಥ ತಕ್ಕಡಿಯಣ್ಣನ ತಲೆಯ ಮೇಲೆ ಬಿದ್ದು ಅವನನ್ನು ಆಸ್ಪತ್ರೆಗೆ ಸೇರಿಸಿದ್ದು ಅವನದೇ ಅಂಗಡಿಯ ರೋಲಿಂಗ್ ಶಟರ್. ಅದರ ಸ್ಪ್ರಿಂಗು ಸಡಿಲವಾಗಿದೆ, ರಿಪೇರಿಯವನನ್ನು ಕರೆಸಬೇಕು ಎಂದು ಭಾವ ಭಾವಮೈದನಿಗೂ ಭಾವಮೈದ ಭಾವನಿಗೂ ದಿನವೂ ಹೇಳುತ್ತಿದ್ದರು. ಇಬ್ಬರೂ ಹೇಳಿದ್ದರಿಂದ ಕೆಲಸ ಆದಂತೆಯೇ ಎಂದು ಇಬ್ಬರಿಗೂ ಸಮಾಧಾನವಿತ್ತು. ಒಂದು ಬೆಳಿಗ್ಗೆ ತಕ್ಕಡಿಯಣ್ಣ ಶಟರನ್ನು ಮೇಲೆತ್ತಿ, ಬೀಗವನ್ನು ಹೆಕ್ಕಲು ಬಗ್ಗಿದ. ಶಟರು ಕೆಳಗಿಳಿಯಿತು. ತಲೆಯ ಬಲಭಾಗಕ್ಕೆ ಪೆಟ್ಟು ಬಿತ್ತು.

ಪ್ರಾಣಕ್ಕೆ ಅಪಾಯವಾಗಲಿಲ್ಲ. ಕೈಕಾಲು ಆಡುತ್ತಿದ್ದವು, ಮಾತು ಎಂದಿನಂತೆ ಧಾರಾಳವಾಗಿತ್ತು. ಹೆಂಡತಿ ನಿಟ್ಟುಸಿರು ಬಿಡುವಷ್ಟರಲ್ಲಿ ಡಾಕ್ಟರು ಅವನ ಕೈಗೆ ಬಾಚಣಿಗೆ ಕೊಟ್ಟು ತಲೆ ಬಾಚಿಕೊಳ್ಳಲು ಹೇಳಿದರು. ವೃತ್ತಿಯ ಗಾಂಭೀರ್ಯದಿಂದ ಬಾಚಿಕೊಂಡ. ಬ್ಯಾಂಡೇಜಿನ ಸುತ್ತ ಬಲಗಡೆಯ ಕೂದಲು ಒಂದೂ ಎಳೆ ಅತ್ತಿತ್ತಾಗದಂತೆ ಕೂತಿತು. ಎಡಗಡೆ ಹಕ್ಕಿಗೂಡಿನಂತೆಯೇ ಉಳಿಯಿತು.

"ಆಯ್ತಾ?" ಡಾಕ್ಟರು ಕೇಳಿದರು.

"ಇಷ್ಟು ಚೆನ್ನಾಗಿ ಈ ಆಸ್ಪತ್ರೆಯಲ್ಲಿ ಯಾರಾದ್ರೂ ಬಾಚ್ಕೊಂಡಿದ್ದಾರಾ ತೋರಿಸಿ" ಎಂದ.

ಡಾಕ್ಟರು ಹೆಂಡತಿಯನ್ನು ಹೊರಗೆ ಕರೆದು ವಿವರಿಸಿದರು. ಕಣ್ಣಿಗೇನೂ ಆಗಿಲ್ಲ. ಆದರೆ ಅವನ ಎಡಗಡೆ ಇರುವುದು ಯಾವುದೂ ಅವನ ಗಮನಕ್ಕೆ ಬರುವುದಿಲ್ಲ. ಕತ್ತಲೆ ಕಂಡರೆ ಕತ್ತಲೆ ಎಂದಾದರೂ ಹೇಳಿಯಾನು. ಇಲ್ಲಿ ಅದೂ ಇಲ್ಲ. ಎಡ ಎಂಬುದೊಂದು ಇದೆ ಎಂದೇ ಮನಸ್ಸಿಗೆ ಹೊಳೆಯುವುದಿಲ್ಲ, ಆದ್ದರಿಂದ ಏನೋ ತಪ್ಪಿಹೋಗಿದೆ ಎಂದೂ ಅನ್ನಿಸುವುದಿಲ್ಲ. ಕ್ರಮೇಣ ಸುಧಾರಿಸಬಹುದು, ಎಡಕ್ಕೆ ತಿರುಗಿ ನೋಡುವ ಅಭ್ಯಾಸ ಮಾಡಿಸಿ.

"ತಿರುಗಿ ನೋಡಿ ಅಂದ್ರೆ ಈ ಮನುಷ್ಯ ಯಾವತ್ತು ನನ್ನ ಮಾತು ಕೇಳಿದ್ದಾರೆ ಡಾಕ್ಟ್ರೇ?" ಎಂದಳು ಹೆಂಡತಿ. ಡಾಕ್ಟರ ಬಳಿ ಇದಕ್ಕೆ ಔಷಧವಿರಲಿಲ್ಲ.

ಮನೆಯಲ್ಲಿ ಅವನು ಬಾಗಿಲ ಎಡಗಂಬಕ್ಕೆ ಭುಜ ತಾಗಿಸುತ್ತ, ಈ ಮನೆ ಕಟ್ಟಿದವನಿಗೆ ಅಳತೆ ಗೊತ್ತಿರಲಿಲ್ಲ ಎಂದು ಬಯ್ಯುತ್ತ ಓಡಾಡಿದ. ಬಲಗೈಯನ್ನು ಅಂಗಿಗೆ ತೂರಿಸಿ, ಅಂಗಿಯ ಎಡತೋಳು ಬೆನ್ನ ಹಿಂದೆ ಜೋಲುತ್ತಿರುವಂತೆಯೇ ಬೀದಿಗಿಳಿದ. ಒಂದೇ ಕಾಲಿಗೆ ಚಪ್ಪಲಿ ಮೆಟ್ಟಿ ನಡೆದು, ನೆಲ ಒಂದು ಕಡೆ ತಗ್ಗಾಗಿದೆ ಎಂದ. ಹೆಂಡತಿ ಬಟ್ಟೆ ಕಾರ್ಖಾನೆಯೊಂದಕ್ಕೆ ಮನೆಯಲ್ಲೇ ಅಂಗಿಯ ತೋಳುಗಳನ್ನು ಕತ್ತರಿಸಿ ಹೊಲಿದುಕೊಡುವವಳು. ಹೊಲಿಗೆಯ ಮಿಷನ್ನಿನಿಂದ ಕಣ್ಣೆತ್ತದೆ, "ಇನ್ನೊಂದು ಕಾಲು ಬಾಡಿಗೆಗೆ ಕೊಟ್ಟಿದ್ದೀರಾ?" ಎಂದು ಕೇಳುವುದನ್ನು ಅಭ್ಯಾಸ ಮಾಡಿಕೊಂಡಳು.

ಊಟದ ಸಮಸ್ಯೆಗೆ ಮಾತ್ರ ಅವಳೇ ಉಪಾಯ ಕಂಡುಕೊಂಡಳು. ತಟ್ಟೆಯ ಬಲಗಡೆ ಇದ್ದದ್ದನ್ನು ಮುಗಿಸಿ, "ಏನೇ, ಇಷ್ಟೇನಾ?" ಎಂದು ಅವನು ತಲೆಯೆತ್ತಿದಾಗ, ಅವಳು ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿಬಿಡುತ್ತಿದ್ದಳು. ಎಡಗಡೆ ಉಳಿದಿದ್ದ ಅನ್ನ, ಆಲೂಗಡ್ಡೆ, ಮೊಟ್ಟೆ ಬಲಕ್ಕೆ ಬರುತ್ತಿತ್ತು. ಎರಡನೆಯ ಸಲ ಬಡಿಸಿದಳೆಂದು ತಿಳಿದು ಅವನು ಖುಷಿಯಿಂದ ತಿನ್ನುತ್ತಿದ್ದ. "ಪೆಟ್ಟು ನನ್ನ ತಲೆಗೆ ಬಿತ್ತು, ಧಾರಾಳತನ ನಿನ್ನ ಕೈಗೆ ಬಂತು" ಎಂದು ಹೊಗಳುತ್ತಿದ್ದ. ಮದುವೆಯಾದಂದಿನಿಂದ ತನ್ನ ಅಡುಗೆಯ ಬಗ್ಗೆ ಕೇಳಿದ ಮೊದಲ ಹೊಗಳಿಕೆಯಾದ್ದರಿಂದ ಅವಳು ನಿಜವನ್ನು ಹೇಳಲು ಅವಸರಪಡಲಿಲ್ಲ.

ಅಂಗಡಿಯಲ್ಲಿ ಮಾತ್ರ ಅಂಥ ಉಪಾಯವಿರಲಿಲ್ಲ. ಸುಮ್ಮನೆ ಬೆಂಚಿನಲ್ಲಿ ಕೂತಿದ್ದು ಬರಲಿ, ಕತ್ತಿ ಕತ್ತರಿ ಮುಟ್ಟಿಸಬೇಡ ಎಂದು ಅಕ್ಕ ತಮ್ಮನಿಂದ ಮಾತು ತೆಗೆದುಕೊಂಡಿದ್ದಳು. ತಮ್ಮನೂ ಮಾತು ಉಳಿಸಿಕೊಂಡ, ಬ್ಲೇಡು ಮುಗಿದು ತರಲು ಹೋಗಬೇಕಾಗಿ ಬಂದ ಮಧ್ಯಾಹ್ನದವರೆಗೆ.

ಆ ಮಧ್ಯಾಹ್ನವೇ ಬ್ಯಾಂಡ್ ಮೇಷ್ಟ್ರು ಬಂದರು. ಮೆರವಣಿಗೆ, ಉದ್ಘಾಟನೆ ಎಲ್ಲದಕ್ಕೂ ತಮ್ಮ ತಂಡದೊಂದಿಗೆ ತುತ್ತೂರಿ ಊದುವ ಮೇಷ್ಟ್ರಿಗೆ ಕೆಮ್ಮಿನಿಂದ ಮಲಗಿದ್ದಾಗ ಬೆಳೆದ ದಟ್ಟ ಗಡ್ಡವಿತ್ತು; ಮೀಸೆಯಂತೂ ಮೊದಲಿಂದಲೂ ಊರಿಗೆ ಕಾಣುವಂಥದ್ದು. ಸಂಜೆ ಹೊಸ ಚಪ್ಪಲಿ ಅಂಗಡಿಯ ಉದ್ಘಾಟನೆಗೆ ಊದಬೇಕಿತ್ತು.

"ಬಂದ್ಯಾ ತಕ್ಕಡಿ! ನೀನಿಲ್ದೆ ಈ ಬೀದಿ ಮುಖಾನೇ ಕೆಟ್ಟುಹೋಗಿತ್ತು ಕಣಯ್ಯ. ಗಡ್ಡ ಪೂರ್ತಿ ತೆಗಿ, ಮೀಸೆ ತುದಿ ಸಮ ಮಾಡು" ಎಂದವರೇ ಕನ್ನಡಕ ತೆಗೆದು, ಕುರ್ಚಿಯಲ್ಲಿ ಒರಗಿ, ಅಭ್ಯಾಸದಂತೆ ನಿದ್ದೆಹೋದರು.

ಮೇಷ್ಟ್ರು ಕೂತದ್ದು ಬಲಗಡೆಯ, ಭಾವಮೈದನ ಕುರ್ಚಿಯಲ್ಲಾದ್ದರಿಂದ ಕುರ್ಚಿ ಎಲ್ಲಿದೆ ಎಂಬ ತಂಟೆಯೂ ಇರಲಿಲ್ಲ. ತಕ್ಕಡಿಯಣ್ಣ ಹಿಂದೆ ನಿಂತು, ಕಾಣುತ್ತಿದ್ದ ಮುಖಕ್ಕೆಲ್ಲ ನೊರೆ ಹಚ್ಚಿ, ಕಾಣುತ್ತಿದ್ದ ಗಡ್ಡವನ್ನೆಲ್ಲ ತನ್ನ ಹಳೆಯ ಕ್ಷೌರದ ಕತ್ತಿಯಿಂದ ಬೆಣ್ಣೆಯಂತೆ ತೆಗೆದ. ಕಾಣುತ್ತಿದ್ದ ಮೀಸೆಯ ತುದಿಯನ್ನೂ ಕತ್ತರಿಸಿ ಸರಿಮಾಡಿದ. ತಾನು ತಾನೇ ಎಂದು ಅವನಿಗೆ ಬಹಳ ದಿನಗಳ ಮೇಲೆ ಅನ್ನಿಸಿತು. ಹೊರಗೆ ಬ್ಯಾಂಡಿನ ವ್ಯಾನು ಹಾರ್ನ್ ಹೊಡೆಯಿತು. ಮೇಷ್ಟ್ರು ಬೆಚ್ಚಿ ಎದ್ದು, ಕನ್ನಡಿಯ ಕಡೆ ನೋಡದೆ, ಕನ್ನಡಕವನ್ನು ಜೇಬಿಗೆ ತುರುಕಿಕೊಂಡು ಓಡಿದರು.

ಚಪ್ಪಲಿ ಅಂಗಡಿಯ ಮುಂದೆ, ರಸ್ತೆಯ ನಟ್ಟನಡುವೆ ಬ್ಯಾಂಡು ನಿಂತಿತು. ರಸ್ತೆಯ ಬಲಪಕ್ಕದಲ್ಲಿ ಟೀ ಅಂಗಡಿಯವನು, ಎಡಪಕ್ಕದಲ್ಲಿ ಸೈಕಲ್ ರಿಪೇರಿಯವನು ತಮ್ಮ ತಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಮೇಷ್ಟ್ರು ಗಡ್ಡ ತೆಗೆದ ಮೇಲೆ ಹುಡುಗನ ಥರ ಕಾಣ್ತಾರಲ್ಲೋ!" ಎಂದು ಟೀ ಅಂಗಡಿಯವನು ಕೂಗಿದ.

"ನಿನ್ನ ಕಣ್ಣಿಗೆ ಹೊಗೆ ಹೊಡ್ದಿದೆ. ಗಡ್ಡ ಎಲ್ಲಿ ತೆಗೆದಿದ್ದಾರೆ? ಕಾಡು ಬೆಳೆದ ಹಾಗಿದೆ!"

"ಒಂದೂ ಕೂದಲಿಲ್ಲ ಕಣೋ! ಕೆನ್ನೆ ಹೊಳೀತಾ ಇದೆ!"

"ಕನ್ನಡಕ ಹಾಕ್ಕೊಳ್ಳಯ್ಯಾ!"

ವಾದ ಕಾವೇರುತ್ತಿದ್ದಾಗ ಮೊದಲ ರಾಗ ಮುಗಿಯಿತು. ಎರಡನೆಯದಕ್ಕೆ ಮೇಷ್ಟ್ರು ತಂಡದ ಕಡೆಗೆ ಹಿಂದಿರುಗಿ ನಿಂತರು. ಆಮೇಲೆ ಟೀ ಅಂಗಡಿಯವನು ಸೋತ ದನಿಯಲ್ಲಿ, "ಹೌದಪ್ಪ, ನೀನು ಹೇಳಿದ್ದೇ ಸರಿ, ಗಡ್ಡ ಇದೆ" ಎಂದ. ಅದೇ ಹೊತ್ತಿಗೆ ಸೈಕಲ್ಲಿನವನು, "ಇಲ್ಲ ಬಿಡು, ನೀನೇ ಗೆದ್ದೆ, ಗಡ್ಡ ಇಲ್ಲ" ಎಂದ. ಹೀಗೆ ಇಬ್ಬರೂ ಒಟ್ಟಿಗೆ ಸೋಲೊಪ್ಪಿಕೊಂಡ ಜಗಳ ಆ ಬೀದಿಯಲ್ಲಿ ಮತ್ತೆ ನಡೆದಿಲ್ಲ.

ಮೇಷ್ಟ್ರು ತುತ್ತೂರಿ ಹಿಡಿದೇ ಅಂಗಡಿಗೆ ನುಗ್ಗಿದರು. ತಕ್ಕಡಿಯಣ್ಣನ ಮುಖಕ್ಕೆ ಮುಖ ಕೊಟ್ಟು ನಿಂತು, "ನೋಡು! ಏನು ಮಾಡಿದ್ದೀಯ ನೋಡು!" ಎಂದು ಅಬ್ಬರಿಸಿದರು.

ತಕ್ಕಡಿಯಣ್ಣ ನೋಡಿದ. ಎದುರುಬದುರು ನಿಂತದ್ದರಿಂದ ಅವನ ಬಲಕ್ಕೆ ಸಿಕ್ಕಿದ್ದು ಮೇಷ್ಟ್ರ ಎಡಗೆನ್ನೆ. ಅವನಿಗೆ ಕಂಡದ್ದೆಲ್ಲ ಗಡ್ಡವೇ.

"ಅಯ್ಯಯ್ಯೋ ಮೇಷ್ಟ್ರೇ, ಈಗ ತಾನೇ ನುಣ್ಣಗೆ ತೆಗೆದಿದ್ದೆ. ಇಷ್ಟು ಬೇಗ ಬೆಳೀತಾ? ಕೆಮ್ಮಿಗೆ ಯಾವ ಮಾತ್ರೆ ತಗೊಳ್ತಿದ್ದೀರಿ?"

ಬ್ಲೇಡು ತಂದು ಆಗಲೇ ಮರಳಿದ್ದ ಭಾವಮೈದ ನಡುವೆ ಓಡಿಬಂದ. ಮೇಷ್ಟ್ರನ್ನು ತನ್ನ ಕುರ್ಚಿಯಲ್ಲಿ ಕೂರಿಸಿ, ಕಾಲು ಹಿಡಿಯುವುದೊಂದು ಬಾಕಿ ಎನ್ನುವಂತೆ ಬೇಡಿಕೊಂಡು, ಉಳಿದರ್ಧ ಗಡ್ಡವನ್ನೂ ಉಳಿದರ್ಧ ಮೀಸೆಯನ್ನೂ ತಾನೇ ಮುಗಿಸಿದ.

ಆ ಸಂಜೆ ಅವನು ಅಕ್ಕನ ಮನೆಗೆ ಬಂದು, ಭಾವನ ಎದುರಿಗೇ ಹೇಳಿದ.

"ಅಕ್ಕ, ಇನ್ನು ನನ್ನ ಕೈಲಾಗಲ್ಲ. ಇವತ್ತು ಅರ್ಧ ಗಡ್ಡ ಹೋಯ್ತು, ನಾಳೆ ಯಾರದ್ದಾದ್ರೂ ಕಿವಿ ಹೋದ್ರೆ? ಪಕ್ಕದ ಬೀದಿಯ ಕೆಲಸಗಾರನಿಗೆ ಹೇಳಿದ್ದೀನಿ, ಸೋಮವಾರದಿಂದ ಆ ಕುರ್ಚಿಗೆ ಅವನು ಬರ್ತಾನೆ. ಕೂದಲು ಒಣಗಿಸೋ ಮಿಷನ್ನೂ ಇದೆ ಅವನ ಹತ್ರ."

"ಅಂತೂ ಬಾಯಿಬಿಟ್ಟ!" ತಕ್ಕಡಿಯಣ್ಣ ತೊಡೆ ತಟ್ಟಿದ. "ಕುರ್ಚಿ ಬಾಡಿಗೆಗೆ ಬಿಡ್ತಿದ್ದಾನೆ ಅಂತ ನಾನು ಹೇಳ್ಲಿಲ್ವಾ? ಮಿಷನ್ನಂತೆ! ಕೂದಲು ಒಣಗಿಸೋಕೆ ಬಿಸಿಲಿಗೇನು ಬರಗಾಲವೇ?"

"ಭಾವ, ಒಂದೇ ಒಂದು ಮುಖ ಪೂರ್ತಿ ಮಾಡಿ ತೋರಿಸಿ. ಕುರ್ಚಿ ನಿಮ್ದೇ. ನಾನೇ ಒರೆಸಿ ಇಡ್ತೀನಿ."

"ತೋರಿಸ್ತೀನಿ. ಬಾ, ಕೂತ್ಕೋ. ನಿನ್ನ ತಲೆಯಿಂದ್ಲೇ ಶುರು ಮಾಡ್ತೀನಿ."

ಭಾವಮೈದ ಎರಡೂ ಕೈಯಿಂದ ತಲೆ ಮುಚ್ಚಿಕೊಂಡ. "ಪ್ರಾಣ ಬೇಕಾದ್ರೆ ಕೇಳಿ ಭಾವ. ಮುಂದಿನ ವಾರ ನನಗೆ ಹೆಣ್ಣು ನೋಡೋಕೆ ಹೋಗೋದಿದೆ."

ಅವನು ಹೋದ ಮೇಲೆ ತಕ್ಕಡಿಯಣ್ಣ ಮಾತಿಲ್ಲದೆ ಊಟಕ್ಕೆ ಕೂತ. ಮೌನವಾಗಿ ಉಣ್ಣುವ ಗಂಡನನ್ನು ಅವನ ಹೆಂಡತಿ ಎಂದೂ ಕಂಡಿರಲಿಲ್ಲ. ಕತ್ತರಿ ಹಿಡಿದರೆ ಮಾತ್ರ ಈ ಮನುಷ್ಯ ಮನುಷ್ಯ; ಬೆಂಚಿನ ಮೇಲೆ ಕೂರಿಸಿದರೆ ಒಂದು ವರ್ಷದಲ್ಲಿ ಬೆಂಚೇ ಆಗಿಬಿಡುತ್ತಾನೆ ಎಂದು ಅವಳಿಗೆ ಗೊತ್ತಿತ್ತು. ಬಲಗಡೆಯ ಅನ್ನ ಮುಗಿಯಿತು. ಅವನು ತಲೆಯೆತ್ತಿದ. ಅವಳು ತಟ್ಟೆಯನ್ನು ಎಂದಿನಂತೆ ಫಕ್ಕನೆ ತಿರುಗಿಸಲಿಲ್ಲ.

"ಕೈ ಕೊಡಿ" ಎಂದು ಅವನ ಬಲಗೈ ಬೆರಳನ್ನು ತಟ್ಟೆಯ ಅಂಚಿಗೆ ಹಚ್ಚಿದಳು. "ಈಗ ನೀವೇ ತಿರುಗಿಸಿ. ನಿಧಾನಕ್ಕೆ."

ಅವನು ತಿರುಗಿಸಿದ. ಖಾಲಿ ತಟ್ಟೆಯೊಳಗೆ, ಎಲ್ಲಿಂದಲೋ, ಮೊದಲು ಆಲೂಗಡ್ಡೆಯ ಒಂದು ತುಣುಕು, ಆಮೇಲೆ ಅನ್ನದ ರಾಶಿ, ಆಮೇಲೆ ಇಡೀ ಮೊಟ್ಟೆ ತೇಲಿಬಂತು.

"ಇದೆಲ್ಲಿಂದ ಬಂತು?"

"ಇಲ್ಲೇ ಇತ್ತು."

"ನೀನು ಬಡಿಸ್ಲಿಲ್ವಾ?"

"ಒಂದೇ ಸಲ ಬಡಿಸಿದ್ದು. ಯಾವತ್ತೂ ಒಂದೇ ಸಲ."

ಅವನು ತಟ್ಟೆಯನ್ನು ಮತ್ತೆ ತಿರುಗಿಸಿದ. ಮೊಟ್ಟೆ ಹೋಯಿತು. ಮತ್ತೆ ತಿರುಗಿಸಿದ. ಮೊಟ್ಟೆ ಬಂತು. ಹೋದ ಮೊಟ್ಟೆ ಎಲ್ಲಿಗೆ ಹೋಗುತ್ತದೆ ಎಂದು ತಟ್ಟೆಯ ಅಂಚಿನವರೆಗೂ ಹುಡುಕಿದ. ಅವನಿಗೆ ಸಿಕ್ಕುವ ಅಂಚು ಮುಗಿದಲ್ಲಿಗೆ ಲೋಕವೇ ಮುಗಿದಿತ್ತು. ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದ್ದು, ಹೆಂಡತಿ ದಿನವೂ ಹೇಳಿದ್ದು, ಭಾವಮೈದ ಕಣ್ಣೀರು ಬರುವಂತೆ ಹೇಳಿದ್ದು ಯಾವುದೂ ಮಾಡಲಾಗದ ಕೆಲಸವನ್ನು ಆ ಮೊಟ್ಟೆ ಮಾಡಿತು.

"ಹಾಗಾದ್ರೆ," ಎಂದ ಕೊನೆಗೆ, ಸಣ್ಣ ದನಿಯಲ್ಲಿ, "ನೀನು ಧಾರಾಳಿ ಆಗಿರ್ಲಿಲ್ಲ."

"ಇಲ್ಲ."

"ಮೇಷ್ಟ್ರ ಗಡ್ಡ?"

"ಇತ್ತು. ಇನ್ನೊಂದು ಕೆನ್ನೆ ಮೇಲೆ."

"ನನ್ನ ಕುರ್ಚಿ?"

"ಯಾವತ್ತೂ ಅಲ್ಲೇ ಇದೆ. ಪಾಪ, ಅವನಿಗೆ ಬೋಲ್ಟು ಬಿಚ್ಚೋಕೂ ಬರಲ್ಲ."

ತಕ್ಕಡಿಯಣ್ಣ ಬಹಳ ಹೊತ್ತು ತಟ್ಟೆಯನ್ನು ನೋಡಿದ. ತಕ್ಕಡಿಗೆ ಎರಡು ತಟ್ಟೆ; ಆ ಹೆಸರು ಹೊತ್ತವನಿಗೆ ಈಗ ಉಳಿದಿರುವುದು ಒಂದೇ. ಅವನು ಅತ್ತರೆ ಒರೆಸಲೆಂದು ಹೆಂಡತಿ ಸೆರಗು ಸರಿಮಾಡಿಕೊಂಡಳು. ಅವನು ಮೊಟ್ಟೆ ತಿಂದ. ಆಮೇಲೆ ಅವಳ ಹೊಲಿಗೆ ಮಿಷನ್ನಿನತ್ತ ನೋಡುತ್ತ, "ಲೇ, ನೀನು ತೋಳು ಕತ್ತರಿಸ್ತೀಯಲ್ಲ, ಎಡತೋಳು ಬಲತೋಳು ಸಮ ಆಗಿದೆ ಅಂತ ಹೇಗೆ ನೋಡ್ತೀಯ?" ಎಂದು ಕೇಳಿದ.

"ಎರಡನ್ನೂ ಒಟ್ಟಿಗೆ ಯಾರು ನೋಡ್ತಾರೆ? ಒಂದನ್ನ ಕತ್ತರಿಸಿ, ಅದರ ಅಳತೆಗೆ ನೂಲು ಹಿಡಿದು, ಬಟ್ಟೆ ಮಗುಚಿ ಹಾಕಿ ಇನ್ನೊಂದನ್ನ ಕತ್ತರಿಸೋದು."

"ನೂಲು" ಎಂದ ತಕ್ಕಡಿಯಣ್ಣ, ಬೈಗುಳವನ್ನು ನುಂಗುವವನಂತೆ. "ಸರಿ. ಒಂದು ಗಜ ಕೊಡು."

ಮರುದಿನ ಬೆಳಿಗ್ಗೆ ಅಂಗಡಿಯ ಮುಂದೆ ಬಂದವನು ಒಳಗೆ ಕಾಲಿಡಲಿಲ್ಲ. ಒಳಗೆ ಹೋಗುವಾಗ ಇಲ್ಲದ್ದು, ಹೊರಗೆ ಬರುವಾಗ ಇರುವುದು ಎಂಬ ತನ್ನ ಸಿದ್ಧಾಂತವನ್ನು ಅವನು ಬಿಟ್ಟುಕೊಟ್ಟಿರಲಿಲ್ಲ. ಅದರ ಆರೋಪಿಯನ್ನು ಮಾತ್ರ ಬದಲಾಯಿಸಿ, ಭಾವಮೈದನ ಜಾಗಕ್ಕೆ ತನ್ನ ಎಡಗಡೆಯನ್ನು ತಂದಿದ್ದ. ಹೊಸ್ತಿಲ ಮೇಲೆ ಬೀದಿಗೆ ಮುಖ ಮಾಡಿ ನಿಂತು, ಹೊರಗೆ ಹೊರಟವನ ಠೀವಿಯಲ್ಲೇ, ಒಂದೊಂದೇ ಹೆಜ್ಜೆ ಹಿಂದಕ್ಕಿಡುತ್ತ ಒಳಗೆ ಬಂದ. ಟೀ ಅಂಗಡಿಯವನು ಲೋಟ ತೊಳೆಯುವುದನ್ನು ಬಿಟ್ಟು ನೋಡಿದ. ಸೈಕಲ್ಲಿನವನ ಪಂಪು ಕೈಯಲ್ಲೇ ನಿಂತಿತು. ಅಂಗಡಿಯ ಮಧ್ಯಕ್ಕೆ ಬಂದಾಗ ಬಲಗಡೆ ತಣ್ಣಗೆ ಹೊಳೆಯುವ ಕಬ್ಬಿಣದ ತೋಳು ಅವನ ಸೊಂಟಕ್ಕೆ ತಾಗಿತು. ಅವನು ಅದನ್ನು ಹಿಡಿದುಕೊಂಡ. ಬಿಡಲಿಲ್ಲ.

"ಇದ್ದೀಯಲ್ಲ" ಎಂದ. ಕುರ್ಚಿಗೆ ಹೇಳಿದ್ದು.

ಇನ್ನು ಬೇಕಾದದ್ದು ಒಂದು ಮುಖ. ಬೀದಿಯಲ್ಲಿ ಮುಖಗಳಿಗೆ ಕೊರತೆಯಿರಲಿಲ್ಲ, ಕೊಡುವವರಿರಲಿಲ್ಲ. ಸೈಕಲ್ಲಿನವನು ಈ ತಿಂಗಳು ಗಡ್ಡ ಬಿಡುವುದೆಂದು ನಿರ್ಧರಿಸಿದ್ದಾಗಿ ಹೇಳಿದ. ಟೀ ಅಂಗಡಿಯವನು, "ನನ್ನ ತಲೆಯಲ್ಲಿ ಇರೋದೇ ಹನ್ನೆರಡು ಕೂದಲು, ಅದರಲ್ಲಿ ಅರ್ಧ ಹೋದ್ರೆ ಆರು" ಎಂದು ಲೆಕ್ಕ ಒಪ್ಪಿಸಿದ. ವಾರ ಸರಿಯಿತು. ಭಾನುವಾರ ಮಧ್ಯಾಹ್ನದವರೆಗೂ ಕುರ್ಚಿಯ ತೋಳನ್ನು ಒರೆಸುತ್ತ ಕೂತಿದ್ದ ತಕ್ಕಡಿಯಣ್ಣನ ಎದುರಿಗೆ, ಯಾರೂ ನಿರೀಕ್ಷಿಸದ ಮನುಷ್ಯ ಬಂದು ನಿಂತ.

ಬ್ಯಾಂಡ್ ಮೇಷ್ಟ್ರ ಮುಖ ಇಳಿದಿತ್ತು.

"ಒಂದು ವಾರದಿಂದ ನನಗೆ ನೆಮ್ಮದಿ ಇಲ್ಲ ಕಣಯ್ಯ" ಎಂದರು. "ಮೀಸೆಯ ಈ ಅರ್ಧ ನೀನು ಮಾಡಿದ್ದು, ಆ ಅರ್ಧ ನಿನ್ನ ಭಾವಮೈದ ಮಾಡಿದ್ದು. ಕನ್ನಡಿ ನೋಡಿದಾಗೆಲ್ಲ ನನ್ನ ಬಾಯೇ ಸೊಟ್ಟ ಆಗಿದೆ ಅನ್ಸುತ್ತೆ. ತುತ್ತೂರಿ ಊದಿದ್ರೆ ಸ್ವರಾನೂ ಸೊಟ್ಟಗೆ ಬರುತ್ತೆ."

"ಎರಡೂ ಕಡೆ ಹೆಬ್ಬೆರಳಿಟ್ಟು ಅಳೆದಿದ್ದೆ ಮೇಷ್ಟ್ರೇ" ಎಂದ ಭಾವಮೈದ.

"ನಿನ್ನ ಹೆಬ್ಬೆರಳೇ ಸೊಟ್ಟ ಇರಬೇಕು. ನೋಡು ತಕ್ಕಡಿ, ನೀನು ಮಾಡಿದ್ದು ಅರ್ಧವೇ ಆದ್ರೂ ಆ ಅರ್ಧ ಸರಿಯಾಗಿತ್ತು. ಅದರ ಜೊತೆಗೆ ನಿನ್ನದೇ ಇನ್ನರ್ಧ ಬೇಕು ನನಗೆ. ಈ ಸಲ ನಿದ್ದೆ ಮಾಡಲ್ಲ."

ಕೂತರು. ಕನ್ನಡಕ ತೆಗೆಯಲಿಲ್ಲ. ಭಾವಮೈದ ಕಳೆದ ಸಲದ ನೆನಪಿನಿಂದ ಬ್ಲೇಡಿನ ಪೊಟ್ಟಣವನ್ನು ಎದೆಗವಚಿಕೊಂಡು ಪಕ್ಕದಲ್ಲಿ ನಿಂತ. ಟೀ ಅಂಗಡಿಯವನೂ ಸೈಕಲ್ಲಿನವನೂ ಬಾಗಿಲನ್ನು ತುಂಬಿಕೊಂಡರು.

ವಾರದ ಗಡ್ಡವನ್ನು ತಕ್ಕಡಿಯಣ್ಣ ಹಿಂದೆ ನಿಂತು ತೆಗೆದ. ಬಲಗೆನ್ನೆ ನುಣ್ಣಗಾಯಿತು, ಬಲಮೀಸೆ ಮೂಗಿನ ಬುಡದಿಂದ ತುದಿಯವರೆಗೆ ಬಾಗಿ ಕೂತಿತು. ಟವೆಲ್ಲು ಎತ್ತಿಕೊಂಡು, ಎಷ್ಟೋ ವರ್ಷಗಳ ಅಭ್ಯಾಸದಿಂದ, "ಆಯ್ತು ಮೇಷ್ಟ್ರೇ" ಎಂದ.

ಭಾವಮೈದ ಬಾಯಿ ತೆರೆದ, ಮುಚ್ಚಿದ. ಹೇಳಿಕೊಟ್ಟು ಮಾಡಿಸಿದ ಮುಖ ಭಾವ ಮಾಡಿದ ಮುಖವಾಗುವುದಿಲ್ಲ ಎಂಬುದು ಅವನಿಗೂ ಗೊತ್ತಿತ್ತು. ತಕ್ಕಡಿಯಣ್ಣನಿಗೆ ಮುಖ ಪೂರ್ತಿಯಾಗಿ ಕಾಣುತ್ತಿತ್ತು. ಎಲ್ಲಿಯೂ ಏನೂ ಉಳಿದಿರಲಿಲ್ಲ. ಟವೆಲ್ಲನ್ನು ಕೊಡವಲು ಕೈಯೆತ್ತಿದವನು ಹಾಗೆಯೇ ನಿಂತ. ಅವನ ಕಣ್ಣ ಮುಂದೆ ಮೊಟ್ಟೆ ಬಂತು.

"ತಾಳಿ" ಎಂದ. "ಇನ್ನೊಂದು ಪಕ್ಕ ಇದೆಯಂತೆ."

ಜೇಬಿನಿಂದ ನೂಲು ತೆಗೆದು, ಮೂಗಿನ ಬುಡದಿಂದ ಮೀಸೆಯ ತುದಿಗೆ ಹಿಡಿದು ಗಂಟು ಹಾಕಿದ. ಕಿವಿಯಿಂದ ಅದರ ಮುಂದಿನ ಕೂದಲ ತುದಿಗೆ ಹಿಡಿದು ಇನ್ನೊಂದು ಗಂಟು. ಆಮೇಲೆ ಕುರ್ಚಿಯ ಪಾದದ ಕೊಕ್ಕೆಯನ್ನು ಒದ್ದು, ಮೇಷ್ಟ್ರನ್ನು ಅರ್ಧ ಸುತ್ತು ತಿರುಗಿಸಿ ತನ್ನೆದುರಿಗೆ ತಂದ. ಕನ್ನಡಿಗೆ ಬೆನ್ನು ಹಾಕಿದ ಮೇಷ್ಟ್ರಿಗೆ ಇಡೀ ಬೀದಿ ಕಂಡಿತು, ಬೀದಿಗೆ ಮೇಷ್ಟ್ರು ಕಂಡರು. ತಕ್ಕಡಿಯಣ್ಣನಿಗೆ ಗಡ್ಡ ಕಂಡಿತು.

"ಅಬ್ಬಾ! ಎಷ್ಟೊಂದಿದೆ!" ಎಂದು ಉದ್ಗರಿಸಿ ನೊರೆ ಹಚ್ಚಿದ.

ಕೆಲಸ ಮುಗಿದಾಗ ನೂಲನ್ನು ಮತ್ತೆ ಹಿಡಿದ. ಎರಡೂ ಗಂಟುಗಳು ಬರಬೇಕಾದಲ್ಲಿ ಬಂದವು. ಆದರೂ ಅವನ ಮುಖದಲ್ಲಿ ಗೆಲುವು ಮೂಡಲಿಲ್ಲ. ಕಣ್ಣು ಕಿರಿದು ಮಾಡಿ ಎರಡು ಪಕ್ಕವನ್ನೂ ಒಂದೇ ನೋಟದಲ್ಲಿ ತೂಗುವ ಆ ಕ್ಷಣ ಇನ್ನು ಅವನದಾಗಿರಲಿಲ್ಲ. ಟವೆಲ್ಲಿನಿಂದ ಕೈ ಒರೆಸಿಕೊಂಡ.

"ಲೇ" ಎಂದ ಭಾವಮೈದನಿಗೆ. "ಸಮ ಇದೆಯಾ? ನೀನೇ ನೋಡಿ ಹೇಳು."

ಭಾವಮೈದ ತಬ್ಬಿಬ್ಬಾದ. ಈ ಅಂಗಡಿಗೆ ಸೇರಿದಂದಿನಿಂದ ಭಾವ ಅವನನ್ನು ಎಷ್ಟೋ ಕೇಳಿದ್ದರು: ನೀರು ಕೇಳಿದ್ದರು, ಬುದ್ಧಿ ಇದೆಯಾ ಎಂದು ಕೇಳಿದ್ದರು, ಅಭಿಪ್ರಾಯ ಕೇಳಿರಲಿಲ್ಲ. ಇದೆ ಎಂದುಬಿಟ್ಟರೆ ಎಲ್ಲರಿಗೂ ಸುಖ. ಅವನು ಬಗ್ಗಿ, ಹೆಬ್ಬೆರಳೆತ್ತಿ, ಯಾಕೋ ಮತ್ತೆ ಇಳಿಸಿ, ಬರೀ ಕಣ್ಣಿಂದ ನೋಡಿದ.

"ಮೇಷ್ಟ್ರ ಎಡಮೀಸೆ ತುದೀಲಿ ಒಂದು ಎಳೆ ಜಾಸ್ತಿ ಇದೆ ಭಾವ."

"ಒಂದೇ ಎಳೆಯಾ?"

"ಒಂದೇ."

ತಕ್ಕಡಿಯಣ್ಣ ಹುಡುಕಿದ, ಕಂಡ, ಕತ್ತರಿಸಿದ. ಮೇಷ್ಟ್ರು ತಾವೇ ಕುರ್ಚಿ ತಿರುಗಿಸಿಕೊಂಡು ಕನ್ನಡಿ ನೋಡಿದರು. ಮೂತಿಯನ್ನು ಅತ್ತ ಎಳೆದರು, ಇತ್ತ ಎಳೆದರು, ತುತ್ತೂರಿ ಊದುವಂತೆ ಕೆನ್ನೆ ಉಬ್ಬಿಸಿದರು. ಬಾಗಿಲಲ್ಲಿದ್ದವರ ಕಡೆಗೆ ಎರಡೂ ಕೆನ್ನೆಗಳನ್ನು ಒಂದಾದಮೇಲೊಂದು ತೋರಿಸಿದರು.

"ಇದೆಯೇನ್ರಯ್ಯಾ ಗಡ್ಡ?"

"ಇಲ್ಲ!" ಎಂದರು ಟೀ ಅಂಗಡಿಯವನೂ ಸೈಕಲ್ಲಿನವನೂ. ಇಬ್ಬರಿಗೂ ಒಮ್ಮತ ಮೂಡಿದ್ದರಿಂದ ಸ್ವಲ್ಪ ನಿರಾಶೆಯೂ ಆಗಿತ್ತು.

ಭಾವಮೈದ ಹೊರಗೆ ಹೋಗಿ ಪಕ್ಕದ ಬೀದಿಗೆ ಫೋನು ಮಾಡಿದ. ಕೂದಲು ಒಣಗಿಸುವ ಮಿಷನ್ನು ಅಲ್ಲಿಯೇ ಉಳಿಯಿತು.

ಸೋಮವಾರ ಬೆಳಿಗ್ಗೆ ಅಂಗಡಿಯ ನೆಲ ಗುಡಿಸಿತ್ತು, ಎಡಗಡೆಯ ಕುರ್ಚಿ ಮಾತು ಕೊಟ್ಟಂತೆ ಒರೆಸಿಟ್ಟಿತ್ತು. ತಕ್ಕಡಿಯಣ್ಣ ಬೀದಿಗೆಲ್ಲ ಮುಖ ತೋರಿಸುತ್ತ, ಹಿಂದೆ ಹಿಂದೆ ಹೆಜ್ಜೆಯಿಡುತ್ತ ಒಳಗೆ ಬಂದ. ಕುರ್ಚಿಯ ತೋಳು ಬಲಗೈಗೆ ಸಿಕ್ಕಿತು. ತೃಪ್ತಿಯಿಂದ ತಲೆದೂಗಿದವನು ಅಂಗಡಿಯನ್ನೆಲ್ಲ ಒಮ್ಮೆ ನೋಡಿ ಹುಬ್ಬು ಗಂಟಿಕ್ಕಿದ. ತಾನು ತಿರುಗಿ ನಿಂತಿದ್ದರಿಂದ ಭಾವಮೈದನ ಕುರ್ಚಿ ಈಗ ಅವನ ಎಡಕ್ಕೆ ಬಿದ್ದಿತ್ತು. ಕುರ್ಚಿಯ ಜೊತೆ ಭಾವಮೈದನೂ.

"ಇವನೆಲ್ಲಿ ಹಾಳಾಗಿ ಹೋದ? ಬಾಗಿಲು ತೆಗೆದಿಟ್ಟು ಊರು ಸುತ್ತೋಕೆ ಹೋಗಿದ್ದಾನೆ! ಕುರ್ಚಿನೂ ಇಲ್ಲ, ಆಳೂ ಇಲ್ಲ!"

"ಇಲ್ಲೇ ಇದ್ದೀನಿ ಭಾವ" ಎಂದಿತು ಧ್ವನಿ, ಮೊಳದಷ್ಟು ದೂರದಿಂದ.

ತಕ್ಕಡಿಯಣ್ಣ ಎಂದಿನಂತೆ ಬಲಗಡೆಗೆ ಹೆಜ್ಜೆಯೆತ್ತಿದವನು ನಿಂತ. ಹುಡುಕಲು ಹೋಗಲಿಲ್ಲ. ಏನೂ ಕಾಣದ ದಿಕ್ಕಿನಿಂದ ಬಂದ ಮಾತನ್ನು ಸ್ವಲ್ಪ ಹೊತ್ತು ತೂಗಿ ನೋಡಿದ.

"ಇದ್ದೀಯಾ?"

"ಇದ್ದೀನಿ."

"ಸರಿ, ಇರು" ಎಂದು ಟವೆಲ್ಲು ಕೊಡವಿ, ಮೊದಲ ಗಿರಾಕಿಗೆ ಕುರ್ಚಿ ತೋರಿಸಿದ. "ಆ ಶಟರಿನ ಸ್ಪ್ರಿಂಗು ನಾಳೆ ನೋಡಿಸ್ಬೇಕು ಕಣೋ, ಮರೀಬೇಡ."